ಎರಡನೇ ಕೈ

ಅಪ್ಪಾ,

ಇವತ್ತು ದೇಜಾನ್ ನಗರದಲ್ಲಿ ದೇಶದ ಶ್ರೇಷ್ಠ ವಿಜ್ಞಾನಿಗಳನ್ನೂ ಎಂಜಿನಿಯರ್‌ಗಳನ್ನೂ ಸನ್ಮಾನಿಸಿದರು. ನಿನ್ನ ಬ್ಯಾಟರಿ ಸಂಶೋಧನೆಗೂ ಫಲಕ ಬಂತು. ನೀನಿಲ್ಲವೆಂದು ನನ್ನನ್ನು ಕರೆದರು. ಅದನ್ನು ಒಂದೇ ಕೈಯಲ್ಲಿ ಪಡೆದು, ಇನ್ನೊಂದರಲ್ಲಿ ನಮ್ಮ ಕಾರ್ಮಿಕ ಸಂಘದ ಕರಪತ್ರ ಎತ್ತಿ ಹಿಡಿಯಬೇಕೆಂದು ಹೋಗಿದ್ದೆ: ‘ಪ್ರಯೋಗಾಲಯದ ದುಡಿಮೆ ಎಲ್ಲರದು, ಗೌರವ ಮಾತ್ರ ಒಬ್ಬರಿಗೇಕೆ?’ ಆ ಮಾತನ್ನು ಈಗಲೂ ನಂಬುತ್ತೇನೆ. ಆದರೆ ನಿನ್ನ ಹೆಸರಿಗೆ ಮೊದಲು ‘ದಿವಂಗತ’ ಎಂದಾಗ ಕರಪತ್ರ ಎಲ್ಲಿ ಬಿತ್ತೋ, ಎರಡೂ ಕೈ ಚಾಚಿ ತಲೆಬಾಗಿದ್ದೆ.

ಕೆಳಗಿಳಿದಾಗ ಅಮ್ಮ ಅಂದಳು: “ಹಿರಿಯರಿಂದ ಎರಡು ಕೈಯಲ್ಲಿ ತಗೋಬೇಕು ಅಂತ ನಿಂಗೆ ಗೊತ್ತಿತ್ತೇನೇ, ಬೊರಾಮ್? ನಿಮ್ಮಪ್ಪ ಲೋಟಕ್ಕೆ ಸೋಜು ಸಾರಾಯಿ ಸುರಿದುಕೊಟ್ಟಾಗ ಒಂದು ದಿನಾನೂ ಬರಲಿಲ್ವಲ್ಲ ಆ ಎರಡನೇ ಕೈ!”

ಮನೆಗೆ ಬಂದು ನಿನ್ನ ಚಿತ್ರದ ಮುಂದೆ ಸೋಜು ಸುರಿದೆ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು. ‘ಸಾಕು’ ಎನ್ನುವವರಿಲ್ಲದೆ ಲೋಟ ತುಂಬಿ ಹರಿಯಿತು.

ಬೊರಾಮ್