ಕೆಳಗಿನ ಮನೆಯ ಗುಮ್ಮ

ಬುಧವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ. ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದು ಅಪ್ಪನ ಹತ್ತಿರ ಹೇಳಿಕೊಂಡು ನಗುತ್ತೀಯೇನೋ. ನಮ್ಮದು ಒಂದೇ ಕೋಣೆಯ ಮನೆ, ಅಮ್ಮ. ಫೋನಿನಲ್ಲಿ ಆಡಿದ್ದೆಲ್ಲ ಇವರ ಕಿವಿಗೂ ಬೀಳುತ್ತದೆ. ಇದು ಬೀಳಬಾರದ ಮಾತು. ಕಟ್ಟಡದವರೆಲ್ಲ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ, ಮೆಷಿನ್ ಎದುರಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಪುಟ್ಟಿ ಪಕ್ಕದಲ್ಲೇ ಕೂತು ಗಾಜಿನೊಳಗೆ ತಿರುಗುವ ಬಟ್ಟೆ ನೋಡುತ್ತಿದ್ದಾಳೆ.

ನೀನು ಫೋನ್ ಮಾಡಿದಾಗಲೆಲ್ಲ "ಪುಟ್ಟಿ ಮಲಗಿದಾಳೆ" ಅಂದೆನಲ್ಲ, ಸುಳ್ಳು. ಅವಳು ಮಾತು ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಜ್ವರವಿಲ್ಲ, ಊಟ ಮಾಡುತ್ತಾಳೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಮೊನ್ನೆ ಬಿದ್ದು ಮೊಣಕಾಲು ತರಚಿಕೊಂಡಾಗಲೂ ಸದ್ದಿಲ್ಲದೆ ಅತ್ತಳು. ಮೂರೂವರೆ ವರ್ಷಕ್ಕೇ ವಕೀಲಿ ಮಾಡ್ತಾಳೆ ಅಂತ ನೀನು ಹೇಳುತ್ತಿದ್ದ ಹುಡುಗಿ.

ಇವರಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಪರದೆಯ ಆಚೆ ಮಲಗುತ್ತಾರೆ, ಹುಬ್ಬಿನಲ್ಲೂ ಹಿಟ್ಟು, ಮೊಣಕೈವರೆಗೆ ಓವನ್ ತಾಗಿದ ಗೆರೆಗಳು. ಈ ದೇಶಕ್ಕೆ ಬಂದ ಮೊದಲ ವಾರ ಪುಟ್ಟಿ ಮಂಚದಿಂದ ಹಾರುವಾಗ ನೆಲದಡಿಯಿಂದ ಟಕ್ ಟಕ್ ಎಂದು ಯಾರೋ ಬಡಿದಂತಾಯಿತು. ಕೆಳಗಿನ ಮನೆಯವರು ಕೋಲಿನಿಂದ ಛಾವಣಿ ಕುಟ್ಟಿ ಬೈಯುತ್ತಿದ್ದಾರೆ ಎಂದುಕೊಂಡೆ. ದೂರು ಹೋದರೆ ಮನೆ ಬಿಡಿಸುತ್ತಾರೆಂದು ಇವರ ಜೊತೆ ಕೆಲಸದವರು ಮೊದಲೇ ಹೆದರಿಸಿದ್ದರು. ನನಗಂತೂ ಇಲ್ಲಿಗೆ ಬಂದಾಗಿನಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿ, "ಕೆಳಗೆ ಗುಮ್ಮ ಇದೆ. ನಿನ್ನ ದನಿ ಕೇಳಿಸ್ತು ಅಂದ್ರೆ ಮೇಲೆ ಬಂದು ಅಪ್ಪನ್ನ ಎತ್ಕೊಂಡು ಹೋಗತ್ತೆ" ಅಂದೆ.

ನಿನ್ನನ್ನ ಎತ್ಕೊಂಡು ಹೋಗತ್ತೆ ಅನ್ನಬಹುದಿತ್ತು. ಅದಕ್ಕೆ ಅವಳು ಹೆದರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನೀನೂ ಗುಮ್ಮನನ್ನು ಕರೆದೇ ನಮಗೆ ಅನ್ನ ತಿನ್ನಿಸಿದವಳು. ಆದರೆ ನೀನು ಹೆದರಿಸಿದರೆ ಓಡಿಹೋಗಿ ಅವಿತುಕೊಳ್ಳಲು ಅಜ್ಜಿಯ ಸೆರಗಿತ್ತು. "ಎಲ್ಲಿದೆ ಗುಮ್ಮ, ನಾ ನೋಡ್ಕೋತೀನಿ ಬಾ" ಅನ್ನಲು ಸೋದರಮಾವ ಇದ್ದ. ಇಲ್ಲಿ ಅವಳಿಗೆ ನಾನೊಬ್ಬಳೇ. ನಾನು ಹೇಳಿದ ಮೇಲೆ ಸುಳ್ಳು ಅನ್ನುವವರು ಯಾರು?

ಅವಳನ್ನು ಶಿಶುವಿಹಾರಕ್ಕೆ ಸೇರಿಸಿದ್ದೂ ಅದೇ ವಾರ. ಇವರು ಅಲ್ಲಿನ ಟೀಚರ್ ಮೇಲೆ ಹರಿಹಾಯ್ದರು. "ಆ ಕನ್ನಡಕದವಳೇ ಏನೋ ಮಾಡಿದಾಳೆ. ನಮ್ಮ ಮಗು ಅಂದ್ರೆ ಏನು ಬಿಟ್ಟಿ ಬಿದ್ದಿದೆಯಾ" ಎಂದು ಕೂಗಾಡಿ ದೂರು ಬರೆದರು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಶುಕ್ರವಾರದ ವಿಚಾರಣೆಯವರೆಗೆ ಟೀಚರ್ ಕೆಲಸಕ್ಕೆ ಬರುವಂತಿಲ್ಲವಂತೆ. ಮೊದಲ ದಿನ ಆಕೆ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ನೀರು, ಹಸಿವು, ಅಮ್ಮ ಎಂಬ ನಮ್ಮ ಮಾತುಗಳನ್ನು ನನ್ನಿಂದ ಕೇಳಿ ತನ್ನ ಲಿಪಿಯಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದಳು.

ಸೋಮವಾರ, ಕೆಳಗಿರುವುದು ನಮ್ಮಂಥ ಮನುಷ್ಯರೇ ಎಂದು ತೋರಿಸೋಣವೆಂದು ಪುಟ್ಟಿಯ ಕೈ ಹಿಡಿದು ಇಳಿದೆ. ಕಟ್ಟಡ ನೋಡಿಕೊಳ್ಳುವ ಮುದುಕ ಮೆಟ್ಟಿಲು ಗುಡಿಸುತ್ತಿದ್ದ. ಆ ಮನೆ ಖಾಲಿಯಾಗಿ ಆರು ತಿಂಗಳಾಯಿತು, ಬಡಿಯುವುದು ಮನೆ ಬಿಸಿ ಮಾಡುವ ಪೈಪು ಎಂದು ನಕ್ಕು ಬಾಗಿಲು ತೆಗೆದ. ನನಗೆ ಹೋದ ಜೀವ ಬಂದಂತಾಯಿತು. "ನೋಡು ಕಂದ, ಯಾರೂ ಇಲ್ಲ" ಅಂದೆ. ಎಂಥ ಪೆದ್ದಿ ನಾನು. ಇದ್ದವರನ್ನಾದರೆ ತೋರಿಸಿ ಇದು ಗುಮ್ಮ ಅಲ್ಲ ಅನ್ನಬಹುದಿತ್ತು. ಯಾರೂ ಇಲ್ಲದ ಮನೆಯಲ್ಲಿ ಬಡಿಯುವುದು ಇನ್ನೇನು? ನಾವು ನಿಂತಿದ್ದಾಗಲೇ ಪೈಪು ಮತ್ತೆ ಟಕ್ ಅಂದಿತು. ಪುಟ್ಟಿ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಳು.

ಇವರಿಗೆ ಇನ್ನೂ ಹೇಳಿಲ್ಲ. ತಾಯಿಯೇ ಹೆದರಿಸಿದಳು ಎಂದು ಇಲ್ಲಿನ ಅಧಿಕಾರಿಗಳು ಬರೆದುಕೊಂಡರೆ ಮಗುವನ್ನು ನನ್ನ ಕೈಯಲ್ಲಿ ಬಿಡುತ್ತಾರೋ ಇಲ್ಲವೋ. ಆದರೂ ಶುಕ್ರವಾರ ಹೇಳುತ್ತೇನೆ. ತಪ್ಪಿಲ್ಲದವಳ ಅನ್ನ ಕಿತ್ತುಕೊಂಡು ನಾವು ಇಲ್ಲಿ ಬಾಳುವುದೆಂತು? ನಿನ್ನಾಣೆ, ಹೇಳುತ್ತೇನೆ.

ಮೆಷಿನ್ ನಿಂತಿತು. ಒಣಗಿಸಬೇಕು.

ನಿನ್ನ ಹಿರಿ ಮಗಳು

ತಾ.ಕ.: ಇವತ್ತು ಶನಿವಾರ. ನಿನ್ನೆಯದನ್ನೂ ಬರೆದೇ ಅಂಚೆಗೆ ಹಾಕೋಣವೆಂದು ಕಾಗದ ಇಟ್ಟುಕೊಂಡಿದ್ದೆ. ವಿಚಾರಣೆಯಲ್ಲಿ ಟೀಚರ್ ಎದುರಿಗೇ ಕೂತಿದ್ದಳು. ಮನೆಯಲ್ಲಿ ಮಗು ಹೆದರುವಂಥದ್ದೇನಾದರೂ ನಡೆಯಿತೇ ಎಂದು ಅಧಿಕಾರಿ ನನ್ನನ್ನೇ ಕೇಳಿದರು. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಇವರು ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ತೊಡೆಯ ಮೇಲಿದ್ದ ಪುಟ್ಟಿ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ, ಅಮ್ಮ. ಟೀಚರ್ ಇನ್ನು ಬರುವುದಿಲ್ಲ. ತನ್ನಮ್ಮನೂ ಗುಮ್ಮನಿಗೆ ಹೆದರಿ ಬಾಯಿ ಬಿಡುತ್ತಿಲ್ಲ ಅಂದುಕೊಂಡಳೋ ಏನೋ, ಅಲ್ಲಿಂದ ಏಳುವವರೆಗೂ ಪುಟ್ಟಿ ನನ್ನ ಬೆನ್ನು ಸವರುತ್ತಲೇ ಇದ್ದಳು.