ಚಿರತೆ ದರ್ಶನಕ್ಕೆ ನನ್ನ ತಕರಾರು

ಚಿರತೆ ಪುನರ್ವಸತಿ ಕೇಂದ್ರದ ಉಸ್ತುವಾರಿ ಹೊತ್ತ ಮಾನ್ಯ ಅರಣ್ಯಾಧಿಕಾರಿಗಳೇ,

ಗುಬ್ಬಿ ರಸ್ತೆಯಲ್ಲಿರುವ ನಿಮ್ಮ ಕೇಂದ್ರದ ಗೇಟಿಗೆ ‘ಚಿರತೆ ದರ್ಶನ, ಪ್ರತಿ ಸೋಮವಾರ’ ಎಂಬ ಹೊಸ ಬೋರ್ಡು ಬಂದಿದೆ. ದರ್ಶನಕ್ಕೆ ಅಡ್ಡಿಯಾಗುತ್ತದೆಂದು ಪಂಜರದ ಮುಂದಿನ ಹಸಿರು ಪರದೆಯನ್ನು ತೆಗೆಸಲು ತಾವು ಆದೇಶಿಸಿದ್ದೀರಿ. ತೆಗೆಸಬೇಡಿ ಎಂದು ಕೇಳುವುದಕ್ಕೇ ಈ ಪತ್ರ. ವೀಕ್ಷಣೆ ಅನ್ನಲಿಲ್ಲ, ಭೇಟಿ ಅನ್ನಲಿಲ್ಲ, ದರ್ಶನ ಅಂದಿರಿ. ಪದ ಆರಿಸಿದವರು ಯಾರೋ ನಮ್ಮ ಜನರ ನಾಡಿ ಬಲ್ಲವರೇ ಇರಬೇಕು. ದರ್ಶನ ಅಂದ ಮೇಲೆ ಕರ್ಪೂರ ಬರುತ್ತದೆ, ಕಾಯಿ ಬರುತ್ತದೆ, ತಮಟೆ ಬರುತ್ತದೆ. ಅವೆಲ್ಲ ಬಂದರೆ ಏನಾಗುತ್ತದೆಂದು ತಮಗೆ ಗೊತ್ತಿಲ್ಲದಿರಬಹುದು. ನನಗೆ ಗೊತ್ತು. ಒಳಗಿರುವ ಆ ಗಂಡು ಚಿರತೆ ಸಿಕ್ಕಿದ್ದು ನಮ್ಮಣ್ಣನ ಗದ್ದೆಯಲ್ಲಿ.

ನಾನು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ತವರು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ನಾಲೆಯ ಕೆಳಗಿನ ಒಂದು ಊರು. ಹೆಸರು ಬೇಡ, ನಾಚಿಕೆಯಾಗುತ್ತದೆ. ಹೋದ ವರ್ಷ ಊರಲ್ಲಿ ನಾಯಿ, ಕರು ಒಂದೊಂದಾಗಿ ಮಾಯವಾದಾಗ ಜನ ಇಲಾಖೆಗೆ ಅಲೆದು ಬೋನು ತರಿಸಿ, ನಮ್ಮಣ್ಣ ರಂಗರಾಜುವಿನ ಗದ್ದೆಯಂಚಿನಲ್ಲಿ ಇಡಿಸಿದರು. ನಾನು ತವರಿಗೆ ಹೋಗಿದ್ದಾಗಲೇ ಒಂದು ಸೋಮವಾರ ಬೆಳಗಿನ ಜಾವ ಚಿರತೆ ಬಿತ್ತು. ಇಲಾಖೆಯವರು ಗಾಡಿ ತಂದೇ ನಿಂತಿದ್ದರು, ಒಡನೆ ಸಾಗಿಸಬಹುದಿತ್ತು. ಆದರೆ ಮೇಲಿನಿಂದ ಫೋನು ಬಂತು: ಗಣ್ಯರೊಬ್ಬರು ಬಂದು ಫೋಟೊ ತೆಗೆಸಿಕೊಳ್ಳುವವರೆಗೆ ಬೋನು ಅಲುಗಾಡಕೂಡದು. ಗಣ್ಯರು ತಿಂಡಿ ಮುಗಿಸಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೇರಿದ್ದ. ಅದನ್ನು ಹಿಡಿದದ್ದು ನಮ್ಮ ರಕ್ಷಣೆಗೋ, ಅವರ ಆಲ್ಬಮ್ಮಿಗೋ?

ಅಷ್ಟು ಹೊತ್ತು ನಮ್ಮೂರು ಸುಮ್ಮನೆ ಕೂರುತ್ತದೆಯೇ? ನಮ್ಮದು ಮಾದಪ್ಪನ ಒಕ್ಕಲು. ಮಾದಪ್ಪ ಹುಲಿ ಏರಿದ ದೇವರು. ದೊಡ್ಡಮ್ಮ ರೇವಮ್ಮ ಆರತಿ ತಟ್ಟೆ ಹಿಡಿದು ಹೊರಟೇಬಿಟ್ಟರು. “ದೊಡ್ಡಮ್ಮ, ಅದು ಹುಲಿಯಲ್ಲ, ಚಿರತೆ” ಎಂದೆ.

“ಚುಕ್ಕೆ ಇದ್ರೇನೇ ಶಶಿ? ಮಾದಪ್ಪ ಹತ್ತಿ ಕುಂತ್‌ಮೇಲೆ ಎಲ್ಲಾ ಹುಲೀನೇ ಕಣೇ. ಸೋಮ್ವಾರ ಬೇರೆ. ಬಾಗ್ಲಿಗೆ ಬಂದವ್ನೆ, ಬರಿಗೈಲಿ ಕಳ್ಸಾದಾ?”

ಬರಿಗೈಯಲ್ಲಿ ಕಳಿಸಲಿಲ್ಲ. ತಮಟೆ ಬಡಿದರು, ಬೋನಿನ ಕಂಬಿಗೇ ಕಾಯಿ ಕುಟ್ಟಿ ಒಡೆದರು, ಹಿಡಿಹಿಡಿ ಕುಂಕುಮ ಎರಚಿದರು, ಎಲ್ಲರ ತಲೆಯ ಮೇಲೂ ಮೊಬೈಲು. ಉರಿಯುವ ಕರ್ಪೂರ ಹತ್ತಿರ ಬಂದಂತೆ ಅದು ಹಿಂದಕ್ಕೆ ಸರಿಯಿತು. ಹಿಂದೆಯೂ ನಾವೇ ಇದ್ದೆವು. ಆಮೇಲೆ ಮುಂದಕ್ಕೆ ಹಾರಿ ಕಬ್ಬಿಣವನ್ನು ಕಚ್ಚಿತು, ಬಿಡದೆ ಕಚ್ಚಿತು. “ನೋಡ್ರಲಾ, ಸ್ವಾಮಿ ಪೂಜೆ ಒಪ್ಕೊಂಡವ್ನೆ!” ಎಂದು ಯಾರೋ ಕೂಗಿದರು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ. ಕಂಬಿಯ ಮೇಲೆ ಒದ್ದೆಯಾಗಿ ಹೊಳೆಯುತ್ತಿದ್ದ ಕೆಂಪನ್ನು ದೊಡ್ಡಮ್ಮ ಬೆರಳಲ್ಲಿ ತೆಗೆದು ತಮ್ಮ ಹಣೆಗಿಟ್ಟುಕೊಂಡು ನನ್ನ ಹಣೆಗೂ ಇಟ್ಟರು. ಅದು ಒಣಗಿ ಚರ್ಮ ಬಿಗಿದಾಗಲೇ ಕುಂಕುಮವಲ್ಲವೆಂದು ನನಗೆ ತಿಳಿದದ್ದು.

ಅದರ ಕೋರೆಹಲ್ಲುಗಳು ಬುಡದವರೆಗೆ ಮುರಿದಿದ್ದವು. ಬೇಟೆಯಾಡಲಾಗದ ಚಿರತೆಯನ್ನು ಕಾಡಿಗೆ ಬಿಡುವಂತಿಲ್ಲ; ಸಾಯುವವರೆಗೆ ನಿಮ್ಮ ಪಂಜರವೇ ಗತಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ನಮ್ಮೂರಲ್ಲಿ ಚೆಲ್ಲಾಟ ಆಡಿದವು ಇಲಿಗಳು. ದೊಡ್ಡಮ್ಮನಿಗೆ ವಿಷಯ ಹೇಳಿದೆ. “ಇನ್ನ್ಯಾವ ಮೊಕ ಇಟ್ಕೊಂಡು ಬೆಟ್ಟಕ್ಕೆ ಹೋಗ್ಲೇ?” ಅಂದರು, ಅಷ್ಟೇ. ವರ್ಷ ವರ್ಷ ತಪ್ಪದೆ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದವರು ಈ ಸಲ ಹೋಗಲಿಲ್ಲ.

ನಾನು ಅನುಮತಿ ಪಡೆದು ನಿಮ್ಮ ಕೇಂದ್ರಕ್ಕೆ ಹೋಗಿ ಅದನ್ನು ನೋಡಿದೆ. ನೋಡಿದೆ ಎಂದರೆ ಹಿಂದಿನ ಗೂಡಿನ ಕತ್ತಲೆಯನ್ನು ನೋಡಿದೆ. ಮನುಷ್ಯರು ಕಂಡರೆ ಅದು ಹೊರಗೆ ಬರುವುದಿಲ್ಲ, ಮೂಳೆ ಬಿಡಿಸಿ ಸಣ್ಣಗೆ ಕೊಚ್ಚಿಟ್ಟ ಮಾಂಸವನ್ನೂ ಮುಟ್ಟುವುದಿಲ್ಲ. ಊಟ ಹಾಕುವ ಅಂಜನಮೂರ್ತಿಯವರು, “ಅಕ್ಕ, ಮುಂದುಗಡೆ ಏನಾದ್ರೂ ಮರೆ ಕಟ್ಟಿದ್ರೆ ತಿಂತಾನೇನೋ” ಎಂದರು. ಹಸಿರು ನೆರಳುಬಲೆ ತಂದು ಎರಡು ಪದರ ಹೊಲಿದುಕೊಟ್ಟವಳು ನಾನೇ. ನನ್ನ ಹೊಲಿಗೆ ಉಳಿಸಿಕೊಳ್ಳಲು ಬರೆಯುತ್ತಿದ್ದೇನೆ ಎನ್ನಿ, ಒಪ್ಪುತ್ತೇನೆ. ಪರದೆ ಬಂದ ಮೇಲೆ ಅದು ಹೊರಗೆ ಬಂದು ತಿನ್ನತೊಡಗಿತು. ಆಯುಧಪೂಜೆಯ ದಿನ ಆವರಣದಲ್ಲಿ ನಿಮ್ಮ ಜೀಪಿಗೆ ಕರ್ಪೂರ ಹಚ್ಚಿದರು ನೋಡಿ, ಅವತ್ತು ಮತ್ತೆ ಗೂಡು ಸೇರಿತು. ವಾಸನೆಗೇ ಹೀಗಾದರೆ, ಸೋಮವಾರ ಸೋಮವಾರ ಸಾಲುಗಟ್ಟಿ ನಿಂತ ಜನರನ್ನು ಕಂಡು ಅದು ಊಟ ಮಾಡುತ್ತದೆಯೇ? ಎಷ್ಟು ದಿನ ಬದುಕುತ್ತದೆ?

ಸಾರ್ವಜನಿಕರಲ್ಲಿ ವನ್ಯಜೀವಿ ಪ್ರೇಮ ಮೂಡಿಸುವುದು ದರ್ಶನದ ಉದ್ದೇಶವೆಂದು ತಮ್ಮ ಪ್ರಕಟಣೆ ಹೇಳುತ್ತದೆ. ಪ್ರೇಮಕ್ಕೆ ಏನು ಕೊರತೆ, ಸ್ವಾಮಿ? ಅವತ್ತು ನಮ್ಮೂರಲ್ಲಿ ಕಲ್ಲು ಹೊಡೆದವರು ಒಬ್ಬರೂ ಇರಲಿಲ್ಲ, ಬೈದವರೂ ಇರಲಿಲ್ಲ. ಅದರ ಹಲ್ಲು ಮುರಿದದ್ದು ಭಕ್ತಿಯೇ. ಅದನ್ನು ನೆನೆದರೆ ಇವತ್ತಿಗೂ ಕೈ ಜೋಡಿಸಲು ನಾಚಿಕೆಯಾಗುತ್ತದೆ.

ಆದ್ದರಿಂದ ಬೋರ್ಡು ಇಳಿಸಿ. ಇನ್ನು ಮುಂದೆ ಯಾವ ಊರಲ್ಲೇ ಚಿರತೆ ಬೋನಿಗೆ ಬೀಳಲಿ, ಯಾವ ಗಣ್ಯರಿಗೂ ಕಾಯದೆ ಅದನ್ನು ಅಲ್ಲಿಂದ ಒಯ್ಯಿರಿ. ಪರದೆಯನ್ನು ಮಾತ್ರ ಮುಟ್ಟಬೇಡಿ. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಬೇಕಾದವರು ನಾವು. ಅಷ್ಟು ಬುದ್ಧಿ ನಮಗೆ ಬರುವವರೆಗೆ, ನಮ್ಮ ಮುಖ ಅದಕ್ಕೆ ಕಾಣದ ಹಾಗೆ ಆ ಬಟ್ಟೆಯಾದರೂ ಅಡ್ಡ ನಿಂತಿರಲಿ.

ಇಂತಿ,
ಕೈ ಮುಗಿದು ಕೆಡಿಸಿದವರಲ್ಲಿ ಒಬ್ಬಳು,
ಶಶಿರೇಖಾ
ಉಪ್ಪಾರಹಳ್ಳಿ, ತುಮಕೂರು