ನಾಲ್ಕನೆಯ ಶೀಲ

ಶನಿವಾರ, ಮಧ್ಯಾಹ್ನ

ಶಾಲೆಗೆ ಹೆಡ್‌ಮಿಸ್, ನನಗೆ ಮಗಳು ಆದವಳಿಗೆ,

ಆಶೀರ್ವಾದ ಕೊನೆಗೆ, ಮೊದಲು ಬೈಗುಳ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡ ಬಾಯಿ ಹಾಕುವುದು ಹೇಗೆ, ನೋಡೋಣ.

ನಿನ್ನೆ ಸಂಜೆ ನೀನು ಕರೆದುಕೊಂಡು ಹೋಗಲು ಬಂದಾಗ ನಿನ್ನ ಮಗಳು ಚೂಟಿ ಕೋಣೆಯ ಚಿಲಕ ಹಾಕಿಕೊಂಡಳಲ್ಲ, ನಿನ್ನನ್ನು ಕಳಿಸಿದ ಮೇಲೆ ಕಾರಣ ತಿಳಿಯಿತು. ಚೀಲದಿಂದ ನಿನ್ನ ಅಕ್ಷರದ ಚೀಟಿ ತೆಗೆದು ಕೊಟ್ಟಳು. "ತಪಾಸಣೆಗೆ ಬಂದವರ ಮುಂದೆ ನಾನು ತಪ್ಪು ಹೇಳಿದೆ. ಎಲ್ಲರೂ ಕ್ಷಮಿಸಿ." ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಎದುರು ಇದನ್ನು ಓದಬೇಕಂತೆ.

ಏನು ತಪ್ಪು ಹೇಳಿತು ಆ ಮಗು? ನೀತಿ ಪಾಠದಲ್ಲಿ ಏನೇನು ಕಲಿತಿರಿ ಎಂದು ಅವರು ಕೇಳಿದರು. ಇವಳು ಎದ್ದು, "ಆ ಪೀರಿಯಡ್‌ನಲ್ಲಿ ಲೆಕ್ಕ ಮಾಡಿಸ್ತಾರೆ ಸರ್. ಪಂಚಶೀಲ ನಿನ್ನೆ ಬಾಯಿಪಾಠ ಮಾಡಿಸಿದ್ರು, ನೀವು ಬರ್ತೀರಿ ಅಂತ" ಅಂದಳು. ನೀನು ನಕ್ಕು, "ಮಗು ಏನೋ ಗೊಂದಲ ಮಾಡ್ಕೊಂಡಿದೆ, ವಾರಕ್ಕೆರಡು ಪಾಠ ನಡೀತವೆ" ಅಂದೆಯಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವವರ ಕಥೆ ಕೇಳಿದ್ದೆ. ಹೆತ್ತವಳೇ ಒದೆಯುವುದನ್ನು ಈಗ ಕಂಡೆ.

ನಿನ್ನ ಶಾಲೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಪಂಚಶೀಲದ ನಾಲ್ಕನೆಯದು, "ಸುಳ್ಳು ಹೇಳಬಾರದು." ನಾನು ಓದಿದ್ದು ಹೈಸ್ಕೂಲು, ಆದರೂ ಇಷ್ಟು ಬಲ್ಲೆ: ಶೀಲವೆಂದರೆ ಹುಕುಂ ಅಲ್ಲ. "ಸುಳ್ಳಿನಿಂದ ದೂರವಿರುತ್ತೇನೆ" ಎಂದು ಅವರವರೇ ತಮ್ಮ ಬಾಯಿಂದ ಹೇಳಿಕೊಳ್ಳುವ ಮಾತು. ಚೂಟಿಗೂ ಹಾಗೇ ಹೇಳಿಕೊಟ್ಟಿದ್ದೆ. ಪರೀಕ್ಷೆಯಲ್ಲಿ ಅವಳು ಹಾಗೆ ಬರೆದದ್ದಕ್ಕೆ ನಿನ್ನ ಟೀಚರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ "ಬಾರದು" ಎಂದು ತಿದ್ದಿದ್ದಾರೆ. "ಬಾರದು" ಅನ್ನುವುದು ಸುಲಭ, ಅದು ಬೇರೆಯವರಿಗೆ. "ಇರುತ್ತೇನೆ" ಅಂದರೆ ತನ್ನ ಕುತ್ತಿಗೆಗೇ ಬರುತ್ತದೆ.

ನಿನ್ನ ಉತ್ತರ ನನಗೆ ಗೊತ್ತು. "ಅಮ್ಮಾ, ಸ್ಕೂಲಿನ ಮಾನ್ಯತೆ ಹೋದ್ರೆ ಅಷ್ಟು ಜನ ಟೀಚರ್ಸ್ ಎಲ್ಲಿಗೆ ಹೋಗ್ಬೇಕು?" ಅನ್ನುತ್ತೀ. ಪ್ರಶ್ನೆ ಸಣ್ಣದಲ್ಲ, ಒಪ್ಪಿದೆ. ಅದಕ್ಕೆ ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ಸುಳ್ಳು ತುರುಕುವುದೇ ಉತ್ತರವೇ?

ಸೋಮವಾರ ಅವಳನ್ನು ನಾನೇ ಕೈಹಿಡಿದು ಕರೆತರುತ್ತೇನೆ. ಚೀಟಿ ಅವಳು ಓದುವುದಿಲ್ಲ. ಹರಿದೂ ಹಾಕಿಲ್ಲ, ಈ ಕವರಿನಲ್ಲೇ ಇಟ್ಟಿದ್ದೇನೆ. ನೀನೇ ಓದು. ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಸಿಟ್ಟಿನಲ್ಲಿ ಊಟ ಬಿಡಬೇಡ. ಆಶೀರ್ವಾದ.

ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಮನಸ್ಸಿರಲಿಲ್ಲ. ಚೂಟಿಯ ಡೈರಿಯಲ್ಲಿ "ಮನೆಯಲ್ಲಿ ಹತ್ತು ನಿಮಿಷ ಧ್ಯಾನ ಮಾಡಿದ್ದಾಳೆ" ಎಂಬುದರ ಕೆಳಗೆ ಇಡೀ ತಿಂಗಳು ಸಹಿ ಹಾಕಿದವಳು ನಾನು. ಒಂದು ದಿನವೂ ಮಾಡಿಲ್ಲ, ಇಬ್ಬರೂ ಕೂತು ಟಿವಿ ನೋಡಿದೆವು. ಈಗ ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಾ, "ಅಜ್ಜಿ, ಅದನ್ನೂ ಬರಿ" ಅನ್ನುತ್ತಿದ್ದಾಳೆ. ಸೋಮವಾರ ನಿನಗಿಂತ ಮೊದಲು ನನ್ನ ಸರದಿ.